ಮೂರನೆಯ ಪದ

"ಒಂದು ಮಾತ್ಗೆ ಮೂರ್ ಮಾತೇನವ್ವಾ? ಇಂಗ್ಲೀಸ್ನೋರ್ಗಿಂತ ಇವ್ರು ದುಂದುಗಾರ್ರು ಕಣವ್ವ," ಎಂದ ಹುಚ್ಚಯ್ಯ, ದೋಣಿಯ ಮೋಟಾರನ್ನು ತಗ್ಗಿಸುತ್ತ.

ನೀಲಾಂಬಿಕೆ ನಕ್ಕಳಾದರೂ ನೋಟ್‌ಬುಕ್ಕಿನಿಂದ ಕಣ್ಣೆತ್ತಲಿಲ್ಲ. ಬೀಚನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಎರಡು ವರ್ಷ ತಟ್ಟೆ ತೊಳೆದವಳು ಇವತ್ತು ಮೊದಲ ಸಲ ಗೈಡಾಗಿ ಹಿನ್ನೀರಿಗೆ ಬಂದಿದ್ದಳು. ಪ್ರವಾಸಿಗಳು ಆರು ಮಂದಿ, ಎಲ್ಲ ಫ್ರೆಂಚರು. ಹಳೇ ದೋಣಿಗಾರ ಹುಚ್ಚಯ್ಯ ಸೈ ಅಂದರೆ ಈ ಕೆಲಸ ಅವಳದು. ಇಲ್ಲವಾದರೆ ನಾಳೆಯಿಂದ ಮತ್ತೆ ತಟ್ಟೆ.

ರೆಸಾರ್ಟಿನವರ ಇಂಗ್ಲಿಷ್ ಹಾಳೆಯಲ್ಲಿ ಸ್ಟಿಲ್ ಎಂಬ ಒಂದೇ ಪದ ಮೂರು ಕಡೆ ಕೂತಿತ್ತು. ನೀರು ಸ್ಟಿಲ್ ಆಗಿದೆ. ಆನೆ ಸ್ಟಿಲ್ ದೂರ ಇದೆ. ದಯವಿಟ್ಟು ಸ್ಟಿಲ್ ಆಗಿ ಕೂತಿರಿ. ಫ್ರೆಂಚಿಗೆ ತರಹೋದರೆ ನಿಂತ ನೀರಿಗೆ ಕಾಲ್ಮ್, 'ಇನ್ನೂ' ದೂರ ಅನ್ನಲು ಆಂಕೋರ್, ಅಲುಗದೆ ಕೂರುವವರಿಗೆ ಇಮ್ಮೊಬಿಲ್. ಮೂರು ದಿನ ಸೋಪಿನ ನೊರೆಯಲ್ಲಿ ಕೈಯಿಟ್ಟುಕೊಂಡೇ ಜಪದ ಹಾಗೆ ಬಾಯಿಪಾಠ ಮಾಡಿದ್ದಳು.

ಮೊದಲ ಎರಡು ಸಲೀಸಾಗಿ ಬಂದವು. ಬೆಳ್ಳಿಗೂದಲ ಅಜ್ಜಿಯೊಬ್ಬಳು ಚಪ್ಪಾಳೆಯನ್ನೂ ತಟ್ಟಿದಳು. ಖುಷಿಗೆ ನೀಲಾಂಬಿಕೆಯ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಬಿದಿರ ಮೆಳೆ ಸೀಳಿಕೊಂಡು ಆನೆಯೊಂದು ಮರಿಯೊಡನೆ ನೀರಿಗಿಳಿಯಿತು, ದೋಣಿಯ ಎದುರಿಗೇ. ಆರೂ ಜನ ಧಡಕ್ಕನೆ ಎದ್ದರು. ದೋಣಿ ಒಂದು ಮಗ್ಗುಲಿಗೆ ವಾಲಿತು.

"ಕೂರ್ಸವ್ವಾ ಅವ್ರ್ನ," ಹುಚ್ಚಯ್ಯ ಉಸಿರಲ್ಲೇ ಅಂದ. "ಯೋಳು ಆ ಮೂರ್ನೇದ್ನ."

ಮೂರನೆಯದು ನಾಲಗೆಗೆ ಬರಲೇ ಇಲ್ಲ. ಮೋಟಾರು ನಿಂತಿತು. ಹುಚ್ಚಯ್ಯ ತಲೆಯ ಟವೆಲು ತೆಗೆದು ಕೈಮುಗಿದು ಕುಳಿತ. ಆನೆ ಎದುರಾದರೆ ಆ ಕಡೆಯ ಹಿರಿಯರು ಮಾಡುವುದೇ ಅಷ್ಟು, ಗಣಪ ದಾಟುವ ತನಕ ಕೈಮುಗಿದಿರುವುದು. "ಶಿವನೇ," ಎಂದಳು ನೀಲಾಂಬಿಕೆ. ಅವಳ ಕೈಗಳೂ ತಾವಾಗಿ ಕೂಡಿದವು, ಹಾಗೇ ಕುಸಿದು ಕೂತಳು. ಅಜ್ಜಿ ಅವಳನ್ನೇ ನೋಡಿ ಮೆಲ್ಲಗೆ ಕೂತು ಕೈಜೋಡಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ. ಕ್ಯಾಮೆರಾಗಳು ಮಡಿಲಲ್ಲಿ ಮಲಗಿದವು.

ತಾಯಾನೆ ಸೊಂಡಿಲೆತ್ತಿ ಗಾಳಿ ಮೂಸಿತು. ಮರಿಯನ್ನು ಆಚೆ ಮಗ್ಗುಲಿಗೆ ಹಾಕಿಕೊಂಡು ಈಜಿ ದಾಟಿಹೋಯಿತು.

ದಡ ಸೇರಿದ ಮೇಲೆ ನೀಲಾಂಬಿಕೆ ಲೈಫ್ ಜಾಕೆಟ್ ಬಿಚ್ಚಿ ನೀಡಿದಳು. "ಆ ಪದ ಬರ್ನೇ ಇಲ್ವಲ್ಲಣ್ಣ. ಮ್ಯಾನೇಜರ್ರಿಗೆ ಏನಂತ ಯೋಳ್ತೀರಿ?"

"ಯಾವ್ ಪದ?" ಹುಚ್ಚಯ್ಯ ಹಗ್ಗ ಬಿಗಿಯುತ್ತಿದ್ದ. "ಜಾಕೀಟು ನಿನ್ತಾವೇ ಇರ್ಲಿ ಬುಡು. ಬೆಳಿಗ್ಗೆ ಆರ್ಗಂಟ್ಗೆ ಬೇಕಲ್ಲ."

ಅವಳು ತಿರುಗಿ ನೋಡಿದಳು. ಎಲ್ಲರೂ ಇಳಿದಿದ್ದರು. ಆ ಅಜ್ಜಿ ಮಾತ್ರ ಆನೆ ಮರೆಯಾದ ಕಡೆಗೆ ಮುಖ ಮಾಡಿ, ಕೈಮುಗಿದುಕೊಂಡು, ಇನ್ನೂ ದೋಣಿಯಲ್ಲೇ ಕೂತಿದ್ದಳು. ಸುತ್ತ ನೀರು ಅಲುಗುತ್ತಿರಲಿಲ್ಲ.