ಸೋಮವಾರದ ಎತ್ತು

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟರೆ ಬಸವಣ್ಣ ಮುನಿಯುತ್ತಾನೆಂದು ವೈಜಿನಾಥನ ಮನೆತನ ನಂಬಿತ್ತು. ಹೆಂಡತಿ ಗಯಾಬಾಯಿಗೆ ಜ್ವರ ನೆತ್ತಿಗೇರಿದರೂ ಅವನು ಸೋಮವಾರ ಕಳೆಯುವವರೆಗೆ ಕಾಯ್ದು, ಮಂಗಳವಾರ ನಸುಕಿನಲ್ಲಿ ಕಲ್ಯಾಣದಿಂದ ಹುಮನಾಬಾದಿನ ದವಾಖಾನೆಗೆ ಗಾಡಿ ಹೂಡಿದ.

ರಾಜೇಶ್ವರದ ಹತ್ತಿರ ಯುದ್ಧದ ವಿಮಾನವೊಂದು ಗುಡುಗುತ್ತ ತಲೆಯ ಮೇಲೆ ಹಾದುಹೋಯಿತು.

"ಅದು ಹುಮನಾಬಾದ ಯಾವಾಗ ಮುಟ್ಟತದ್ರಿ?" ಗಯಾಬಾಯಿ ಕೇಳಿದಳು.

"ನೀ ಒಂದು ಎಲಿ ಅಡಿಕಿ ಜಗಿಯೋದ್ರಾಗ."

"ನಾವು?"

"ಹೊತ್ತು ನೆತ್ತಿಗೆ ಬರತದ."

ಅವಳು ಸಣ್ಣಗೆ ನಕ್ಕಳು. "ಅದಕ್ಕ ಸೋಮವಾರ ಇಲ್ಲ ನೋಡ್ರಿ."

ವೈಜಿನಾಥ ಎತ್ತುಗಳಿಗೆ ಬಾರುಕೋಲು ಬೀಸಿದ. ಹುಮನಾಬಾದಿನ ಮನೆಗಳು ಕಾಣುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಮುಂದಿನ ಸೋಮವಾರ ಅವನು ಎತ್ತು ಹೂಡಿ, ಖಾಲಿ ಗಾಡಿಯನ್ನು ದವಾಖಾನೆಯ ಬಾಗಿಲವರೆಗೂ ಹೊಡೆದುಕೊಂಡು ಹೋದ. ಊರಿನ ಹಿರಿಯರು ನೋಡಿದರು, ಯಾರೂ ತಡೆಯಲಿಲ್ಲ.