ಸದ್ದಿಲ್ಲದ ಕೋಣೆಯಲ್ಲಿ ಅಜ್ಜಿಯ ಮಾತು

ನಮ್ಮ ಆಸ್ಪತ್ರೆಯ ಪ್ರಯೋಗಾಲಯದ ಕೆಮಿಸ್ಟ್ ಮೇಡಂಗೆ ನರ್ಸ್ ಆದ ನಾನಿಟ್ಟ ಹೆಸರು ಬಿರುಗಾಳಿ. ಅವರು ತಯಾರಿಸುವ ಔಷಧಿಯೇ ಅಂಥದ್ದು. ಸಕ್ಕರೆಯಂಥ ಒಂದು ವಸ್ತುವಿಗೆ ವಿಕಿರಣ ಸೂಸುವ ಬಾಲ ಅಂಟಿಸುತ್ತಾರೆ. ಮಿದುಳಿನ ಜೀವಕೋಶ ಅದನ್ನು ಸಕ್ಕರೆಯೆಂದೇ ನಂಬಿ ನುಂಗುತ್ತದೆ, ಅರಗಿಸಿಕೊಳ್ಳಲಾಗದೆ ಒಳಗೇ ಇಟ್ಟುಕೊಳ್ಳುತ್ತದೆ. ಹೆಚ್ಚು ದುಡಿಯುವ ಭಾಗ ಹೆಚ್ಚು ನುಂಗಿ ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ. ಆದರೆ ಎರಡು ಗಂಟೆಯೊಳಗೆ ಆ ವಿಕಿರಣ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಮೇಡಂ ನಡೆದದ್ದನ್ನು ನಾನು ಕಂಡಿಲ್ಲ. ಸೀಸದ ಡಬ್ಬಿ ಹಿಡಿದು ಓಡುವುದನ್ನಷ್ಟೇ ಕಂಡಿದ್ದೇನೆ.

ಶುರುವಿನಲ್ಲಿ ಇಲಿಗಳಿಗೆ ಕೊಟ್ಟಾಗ ಬಾಲ ಕಳಚಿಕೊಂಡು ಮೂಳೆಗೆ ಹೋಗಿ ಸೇರಿತು. ಮಿದುಳು ಕತ್ತಲೆ, ತಲೆಬುರುಡೆ ಝಗಝಗ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಇವರು, "ಬುರುಡೆಗಾದ್ರೂ ಇಷ್ಟ ಆಯ್ತಲ್ಲ, ಬಿಡಿ" ಎಂದು ನಕ್ಕು ಮತ್ತೆ ಮೊದಲಿನಿಂದ ಕೂತರು. ಆ ತಾಳ್ಮೆಯಲ್ಲಿ ಎಳ್ಳಷ್ಟು ನನಗಿದ್ದಿದ್ದರೂ ನನ್ನ ಗಂಡ ಪುಣ್ಯವಂತನಾಗಿರುತ್ತಿದ್ದ.

ಕೊನೆಗೆ ಮನುಷ್ಯರಿಗೆ ಕೊಡುವ ಹಂತ ಬಂತು. ಮನೆಯವರ ಒಪ್ಪಿಗೆಯ ಮೇಲೆ ಬಂದ ರೋಗಿಗಳಲ್ಲಿ ಗಾಜು ಊದುತ್ತಿದ್ದ ತಾತನೂ ಒಬ್ಬರು. ನಮ್ಮ ಪ್ರಯೋಗಾಲಯದ ಸೊಟ್ಟ ಕೊಳವೆಗಳೆಲ್ಲ ಅವರ ಉಸಿರಿನಲ್ಲೇ ಹುಟ್ಟಿದವು. ಪಾರ್ಶ್ವವಾಯು ಹೊಡೆದ ಮೇಲೆ ಅವರಿಗೆ ಮಾತಿಲ್ಲ, ಕರೆದರೆ ತಿರುಗುವುದೂ ಇಲ್ಲ. ಅವರ ಹೆಂಡತಿ ನನ್ನ ಕೈಹಿಡಿದು ಕೇಳಿದ್ದು ಒಂದೇ ಮಾತು: "ನಾನ್ ಮಾತಾಡೋದು ಇವ್ರಿಗೆ ಕೇಳಿಸುತ್ತಾ, ಸಿಸ್ಟರ್? ಅಷ್ಟು ಹೇಳಿದ್ರೆ ಸಾಕು."

ಇಂಜೆಕ್ಷನ್ ಆದ ಮೇಲೆ ರೋಗಿ ಮಬ್ಬುಬೆಳಕಿನ ಕೋಣೆಯಲ್ಲಿ ಸುಮ್ಮನೆ ಮಲಗಿರಬೇಕು. ಸದ್ದು ಬಿದ್ದರೆ ಕೇಳುವ ಭಾಗ ದುಡಿಯತೊಡಗುತ್ತದೆ, ಪರೀಕ್ಷೆ ಕೆಡುತ್ತದೆ. ಅಲ್ಲಿಗೆ ನಾವು ಚಪ್ಪಲಿ ಬಿಟ್ಟೇ ಹೋಗುತ್ತೇವೆ. ಒಬ್ಬರೇ ಇದ್ದರೆ ತಾತ ಗಾಬರಿಯಾದಾರೆಂದು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಬಂದೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದರೆ ಅಜ್ಜಿಯ ಬಾಯಿ ಗಿರಣಿಯಂತೆ ಓಡುತ್ತಿದೆ! ಅಡುಗೆಮನೆಯ ನಲ್ಲಿ ಸೋರುವುದು, ಮೊಮ್ಮಗಳ ಹಲ್ಲು ಬಿದ್ದದ್ದು, ಮತ್ತೆ ನಲ್ಲಿ.

ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ಪಟ್ಟ ಶ್ರಮವೆಲ್ಲ ನೀರುಪಾಲಾಯಿತಲ್ಲ! ಅಜ್ಜಿಯನ್ನು ಹೊರಗೆ ಕರೆದು, "ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೋಕೆ ಏನು ಕಷ್ಟ ನಿಮಗೆ?" ಎಂದು ರೇಗಿದೆ.

"ಕತ್ತಲಲ್ಲಿ ಹೆದರ್ಕೋತಾರೇನೋ ಅಂತ..." ಅಜ್ಜಿ ಅತ್ತುಬಿಟ್ಟರು.

ಓಡಿಬಂದ ಮೇಡಂ ಬೈಯಲಿಲ್ಲ. "ಯಾವಾಗಿಂದ ಮಾತಾಡ್ತಿದ್ರಿ ಅಜ್ಜಿ?"

"ಬಾಗಿಲು ಹಾಕಿದಾಗಿಂದ."

"ಸರಿ, ಔಷಧಿ ಸೇರೋವಷ್ಟು ಹೊತ್ತೂ ಮಾತು ಬಿದ್ದಿದೆ. ಕೇಳಿಸುತ್ತಾ ಅಂತ ಸ್ಕ್ಯಾನ್ ಮಾಡೇ ನೋಡೋಣ."

ಪರದೆಯ ಮೇಲೆ ತಾತನ ಮಿದುಳಿನ ಎಡಭಾಗದಲ್ಲಿ ಪೆಟ್ಟುಬಿದ್ದ ಜಾಗ ಕಪ್ಪಗಿತ್ತು. ಬಲಗಡೆ, ಸದ್ದು ಕೇಳುವ ಜಾಗ ಹೊಳೆಯುತ್ತಿತ್ತು. ಅಜ್ಜಿಗೆ ಹೇಳಲು ನಾನು ಹೊರಟೇಬಿಟ್ಟಿದ್ದೆ. ಮೇಡಂ ತಡೆದರು.

"ಬೇಡ. ಸುಮ್ಮನಿದ್ದಾಗಲೂ ಇದು ಹೀಗೇ ಹೊಳೆದ್ರೆ? ನನ್ನ ಔಷಧಿನೇ ಸುಳ್ಳು ಹೇಳ್ತಿರಬಹುದು. ಇನ್ನೊಂದು ಸಲ ನೋಡದೆ ಅವರಿಗೆ ಆಸೆ ಹುಟ್ಟಿಸಬಾರದು."

ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಔಷಧಿಯನ್ನು ತಾವೇ ಮೊದಲು ಅನುಮಾನಿಸುವ ಈ ಹೆಂಗಸಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮುಂದಿನ ವಾರ ಮತ್ತೆ ಪರೀಕ್ಷೆ. ಅಜ್ಜಿ ಕರವಸ್ತ್ರ ಕಚ್ಚಿಕೊಂಡು ಕೂತರು. ಚಪ್ಪಲಿ ಬಿಟ್ಟು ನಾನೂ ಅವರ ಪಕ್ಕದಲ್ಲೇ ಕಾವಲು ಕೂತೆ. ಈ ಸಲ ಅದೇ ಜಾಗ ಮಂಕಾಗಿತ್ತು.

ಮೇಡಂ ಎರಡೂ ಚಿತ್ರಗಳನ್ನು ಅಜ್ಜಿಯ ಮುಂದಿಟ್ಟರು. "ಇದು ನೀವು ಮಾತಾಡಿದಾಗ. ಇದು ನೀವು ಸುಮ್ಮನಿದ್ದಾಗ. ಅವರಿಗೆ ಎಷ್ಟು ಅರ್ಥ ಆಗುತ್ತೆ ಅಂತ ಇದು ಹೇಳಲ್ಲ ಅಜ್ಜಿ. ಆದ್ರೆ ನಿಮ್ಮ ದನಿ ಒಳಗೆ ಹೋಗ್ತಿದೆ."

ಅಜ್ಜಿ ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರು. ಆಮೇಲೆ ಗಾಲಿಕುರ್ಚಿಯಲ್ಲಿದ್ದ ಗಂಡನ ಕಡೆ ತಿರುಗಿದರು.

"ನಲ್ಲಿ ರಿಪೇರಿ ಮಾಡ್ಸಿ ಅಂದಾಗೆಲ್ಲ ಕೇಳಿಸ್ಲಿಲ್ಲ ಅಂತಿದ್ರಲ್ಲ, ಜೀವನಪೂರ್ತಿ! ಈಗ ಸಿಕ್ಕಿಬಿದ್ರಿ ನೋಡಿ!"

ನಗುತ್ತಲೇ ಅಳುತ್ತಿದ್ದರು, ಬೈಗುಳ ಮಾತ್ರ ನಿಲ್ಲಲಿಲ್ಲ. ನಾನು ಮೆಲ್ಲಗೆ ಹೊರಗೆ ಬಂದು ಬಾಗಿಲು ಹಾಕಿಕೊಂಡೆ, ಅವರು ಎಷ್ಟು ಬೇಕಾದರೂ ಮಾತಾಡಲಿ ಎಂದು.