ಶಿವಗಂಗವ್ವನ ಮುಚ್ಚಿದ ಕಣ್ಣು

ನಾನು ಒಂದು ಮೆಮೊರಿ ಕಾರ್ಡು. ಅಂಚೆಚೀಟಿಯಷ್ಟು ಗಾತ್ರ, ನೀಲಿ ಬಣ್ಣ, ಹದಿನಾರು ಜಿ.ಬಿ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯೊಂದರಲ್ಲಿ. ಅಲ್ಲಿ ಧೂಳೂ ಇಲ್ಲ, ಮಾತೂ ಇಲ್ಲ. ಮಾತು ಅಂದರೆ ಏನು ಅಂತ ನನಗೆ ತಿಳಿದದ್ದು ಹುಬ್ಬಳ್ಳಿಗೆ ಬಂದ ಮೇಲೆಯೇ.

ಮೊದಲು ನನ್ನನ್ನು ಕೊಂಡವನು ಸೈಟು ಮಾರುವ ದಲ್ಲಾಳಿ. ಎರಡು ವರ್ಷ ನನ್ನ ಹೊಟ್ಟೆಯಲ್ಲಿ ಬರೀ ಗಡಿಕಲ್ಲು ತುಂಬಿದ. ಆಮೇಲೆ ಕ್ಯಾಮೆರಾ ಸಮೇತ ಕಸ್ತೂರಿಗೆ ಮಾರಿದ. ಕಸ್ತೂರಿ ಮದುವೆ ಫೋಟೊ ತೆಗೆಯುವವಳು. ಗಂಡ ಬಸ್ ಕಂಡಕ್ಟರು, ಸ್ಟುಡಿಯೊ ಅವಳದೇ. ಬೇರೆ ಕಾರ್ಡುಗಳ ಜೊತೆ ಕಲಸಿಹೋಗದಿರಲೆಂದು ನನ್ನ ಬೆನ್ನಿಗೆ ಕೆಂಪು ನೇಲ್ ಪಾಲಿಶ್ ಬೊಟ್ಟು ಇಟ್ಟಳು. ಅವತ್ತು ನಾನು ಈ ಮನೆಯವನಾದೆ.

ಸ್ಟುಡಿಯೊದಲ್ಲಿ ಎರಡು ಪದ್ಧತಿ ಇದ್ದವು. ಒಂದು, ಆಲ್ಬಂ ಮದುವೆ ಮನೆಯನ್ನು ಮುಟ್ಟುವ ತನಕ ಕಾರ್ಡು ತೊಳೆಯಬಾರದು. ತೊಳೆಯುವುದೆಂದರೆ ಒಳಗಿದ್ದುದನ್ನೆಲ್ಲ ಅಳಿಸುವುದು. ಇನ್ನೊಂದು ಕಸ್ತೂರಿಯ ಮೈದುನ ಈರಣ್ಣನದು. ಕಂಪ್ಯೂಟರ್ ಕೆಲಸ ಅವನದು. ಫೋಟೊದಲ್ಲಿ ಯಾರ ಕಣ್ಣು ಮುಚ್ಚಿದ್ದರೂ ಅವರದೇ ಇನ್ನೊಂದು ಫೋಟೊದಿಂದ ಕಣ್ಣು ತಂದು ಕೂರಿಸುತ್ತಿದ್ದ. "ಕಣ್ಣು ಮುಚ್ಚಿದ್ದು ಮನಿಗೆ ಹೋದ್ರ ಬೀಗ್ರು ನಮ್ಮನ್ನ ಸುಮ್ನ ಬಿಡ್ತಾರೇನು?" ಅನ್ನುತ್ತಿದ್ದ. ತಿದ್ದಿದ್ದನ್ನು ಹಳೆಯದರ ಮೇಲೆಯೇ ಸೇವ್ ಮಾಡುವುದು ಅವನ ರೂಢಿ.

ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತು. ಮದುಮಗಳ ತಾಯಿ ಶಿವಗಂಗವ್ವ ಗಂಡ ಸತ್ತವಳೆಂದು ವೇದಿಕೆ ಹತ್ತಿರಲಿಲ್ಲ. ಹಿಂದೆ ಕಂಬದ ಪಕ್ಕ ನಿಂತು ಅಲ್ಲಿಂದಲೇ ಅಕ್ಷತೆ ತೂರಿದಳು. ಕಸ್ತೂರಿ ಸರಕ್ಕನೆ ಆ ಕಡೆ ತಿರುಗಿ ಒಂದೇ ಒಂದು ಸಲ ಒತ್ತಿದಳು. ನೋಡಲು ಪುರಸೊತ್ತಿರಲಿಲ್ಲ, ಇತ್ತ ತಾಳಿ ಕಟ್ಟುತ್ತಿದ್ದರು. ಆದರೆ ನಾನು ನೋಡಿದೆ. ಗಾಳಿಯಲ್ಲಿ ಅಕ್ಕಿಕಾಳು, ಚಾಚಿದ ಕೈ, ಮುಚ್ಚಿದ ಕಣ್ಣು.

ಮುಂದೆ ಕಂಪ್ಯೂಟರಿನಲ್ಲಿ ಆ ಚಿತ್ರ ಕಂಡು ಕಸ್ತೂರಿ ಅದನ್ನು ಡಿಜಿಟಲ್ ಛಾಯಾಚಿತ್ರ ಸ್ಪರ್ಧೆಗೆ ಕಳಿಸಿದಳು. ಚಿತ್ರಕ್ಕೆ ಏನನ್ನೂ ಸೇರಿಸಬಾರದು, ತೆಗೆಯಬಾರದು ಎಂಬುದು ನಿಯಮ. ಆರಿಸಿದ ನಲವತ್ತು ಚಿತ್ರಗಳು ಧಾರವಾಡದ ಗ್ಯಾಲರಿಯ ಗೋಡೆಗೂ ಏರಿದವು, ವೆಬ್‌ಸೈಟಿಗೂ ಏರಿದವು. ಕಸ್ತೂರಿಯ ಚಿತ್ರಕ್ಕೆ ಎರಡನೇ ಬಹುಮಾನ. ಇಷ್ಟು ದಿನ "ಫೋಟೊದಾಕಿ" ಆಗಿದ್ದವಳನ್ನು ಜನ "ಕಲಾವಿದೆ" ಎಂದರು. ಆ ಮಾತಿಗೆ ಅವಳು ಎಷ್ಟು ಹಿಗ್ಗಿದಳೆಂದರೆ ಎರಡು ದಿನ ನನ್ನ ಜೊತೆಗೂ ಮಾತಾಡಿದಳು.

ಮೂರನೆಯ ದಿನ ವೆಬ್‌ಸೈಟಿನಲ್ಲಿ ಚಿತ್ರದ ಕೆಳಗೆ ಆ ಮದುಮಗಳೇ ಬರೆದಳು: "ನಮ್ಮವ್ವ ಹೇಳ್ತಾಳ, ಆ ಹೊತ್ತಿಗೆ ಆಕಿ ಕಣ್ಣು ಮುಚ್ಚಿದ್ಲಂತ. ಈ ಕಣ್ಣು ಎಲ್ಲಿಂದ ಬಂದ್ವು?"

ಮರುದಿನ ಬೆಳಿಗ್ಗೆಯೇ ತೀರ್ಪುಗಾರ ಹಿರೇಗೌಡರ್ ಸರ್ ಫೋನು ಮಾಡಿದರು. ಸಂಜೆ ನಾಲ್ಕರೊಳಗೆ ಮೂಲ ಫೈಲು ತೋರಿಸಬೇಕು. ಇಲ್ಲವಾದರೆ ಸುಳ್ಳು ಚಿತ್ರವೆಂದು ಪ್ರಕಟಿಸಿ ಇಳಿಸುತ್ತೇವೆ ಎಂದರು. "ತೋರಸ್ತೀನ್ರೀ ಸರ್. ನಾ ತಗದದ್ದು ಹೆಂಗೈತೋ ಹಂಗ ಐತಿ" ಎಂದಳು ಕಸ್ತೂರಿ, ಧೈರ್ಯವಾಗಿ. ಕಂಪ್ಯೂಟರಿನಲ್ಲಿ ಮೂಲ ಇರಲಿಲ್ಲ. ಇದ್ದದ್ದು ನನ್ನೊಬ್ಬನಲ್ಲಿ. ಹಿಂದಿನ ದಿನವಷ್ಟೇ ಆಲ್ಬಂ ಮನೆ ಮುಟ್ಟಿತ್ತು. ನಾನೋ ಈರಣ್ಣನ ಕೈಲಿ ಕುಂದಗೋಳದ ಕಲ್ಯಾಣಮಂಟಪದಲ್ಲಿದ್ದೆ, ತೊಳೆಸಿಕೊಳ್ಳಲು ಸಿದ್ಧನಾಗಿ.

ವಾಲಗದ ಸದ್ದಿಗೆ ಈರಣ್ಣನಿಗೆ ಕಸ್ತೂರಿಯ ಫೋನು ಕೇಳಲಿಲ್ಲ. ಒಂದು ಸಲವಲ್ಲ, ಹನ್ನೊಂದು ಸಲ. ಅವನು ಕ್ಯಾಮೆರಾದ ಗುಂಡಿ ಒತ್ತಿದ. "ಎಲ್ಲಾ ಅಳಿಸಲೇ?" ಎಂದು ಪರದೆ ಕೇಳಿತು. ಅಷ್ಟರಲ್ಲಿ ಯಾರೋ "ಏ ಫೋಟೊದಣ್ಣಾ, ಅಜ್ಜಾರದೊಂದು ಹೊಡಿಯಪಾ ಮೊದ್ಲ" ಎಂದರು. "ತಡೀರಿ, ಕಾರ್ಡ್ ಖಾಲಿ ಮಾಡ್ತೀನಿ" ಎಂದು ಬೆರಳು ಮತ್ತೆ ಇಟ್ಟ. ನನಗೆ ಕೂಗಲು ಬಾಯಿಲ್ಲ.

"ಈರಣ್ಣಾ! ಕೈ ತಗಿ!"

ಕಸ್ತೂರಿ ಹೆಲ್ಮೆಟ್ಟನ್ನೂ ತೆಗೆಯದೆ ಬೀಗರ ಸಾಲನ್ನು ಸೀಳಿಕೊಂಡು ಬಂದಿದ್ದಳು.

"ಯಾಕ ವೈನಿ, ಏನಾತು?"

"ಶಿವಗಂಗವ್ವನ ಮೂಲ ಫೋಟೊ ನಾಲ್ಕರೊಳಗ ತೋರಸ್ಬೇಕು" ಎಂದು ಅವಳು ನನ್ನನ್ನು ಹೊರಗೆಳೆದು, ಬೇರೆ ಕಾರ್ಡು ಅವನ ಕೈಗೆ ತುರುಕಿದಳು. ನನ್ನ ಪಕ್ಕೆಯಲ್ಲಿ ಒಂದು ಪುಟ್ಟ ಬೀಗವಿದೆ. ಕೆಳಗೆ ಸರಿಸಿದರೆ ಯಾರೂ ಅಳಿಸಲಾರರು. ಅದನ್ನು ಸರಿಸಿದಳು. ಆಗ ಈರಣ್ಣನಿಗೆ ವಿಷಯ ತಿಳಿಯಿತು, ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಸ್ಕೂಟಿ ಹೊರಟೇಹೋಗಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗ್ಯಾಲರಿಯಲ್ಲಿ ನನ್ನನ್ನು ಲ್ಯಾಪ್‌ಟಾಪಿಗೆ ಹಾಕಿದರು. ಪರದೆಯ ಮೇಲೆ ಶಿವಗಂಗವ್ವ ಮೂಡಿದಳು. ಕಣ್ಣು ಮುಚ್ಚಿತ್ತು.

ಕಸ್ತೂರಿ ಗೋಡೆಯತ್ತ ನೋಡಿದಳು, ಪರದೆಯತ್ತ ನೋಡಿದಳು. ಅವಳು ಈ ಕಣ್ಣನ್ನು ನೋಡಿದ್ದು ಇದೇ ಮೊದಲು.

"ಇದನ್ನ ಯಾರು ತಿದ್ದಿದ್ರವಾ?" ಹಿರೇಗೌಡರ್ ಸರ್ ಮೆಲ್ಲಗೆ ಕೇಳಿದರು.

ಈರಣ್ಣನ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳ ಬೆರಳು ಮೇಜಿನ ಅಂಚನ್ನು ಒತ್ತುವುದು ನನಗೆ ತಿಳಿಯುತ್ತಿತ್ತು.

"ನಮ್ಮ ಸ್ಟುಡಿಯೊದಾಗ ಆಗೇತ್ರೀ. ಚಿತ್ರದ ಕೆಳಗ ನನ್ನ ಹೆಸರೈತಿ. ತಪ್ಪು ನಂದ."

ಅವರು ಬಹಳ ಹೊತ್ತು ಪರದೆ ನೋಡಿದರು. "ಇದನ್ನ ಕಳಿಸಿದ್ರ ಮೊದಲನೇ ಬಹುಮಾನ ಇತ್ತಲ್ಲವಾ" ಎಂದು ಕನ್ನಡಕ ತೆಗೆದರು. ಚಿತ್ರ ಗೋಡೆಯಿಂದ ಇಳಿಯಿತು, ವೆಬ್‌ಸೈಟಿನಿಂದಲೂ ಇಳಿಯಿತು. ಕಾರಣ ಬರೆದೇ ಇಳಿಸಿದರು.

ಈರಣ್ಣ ಎಂಟು ದಿನ ಅತ್ತಿಗೆಯ ಮುಖ ನೋಡಲಿಲ್ಲ. ಒಂಬತ್ತನೆಯ ದಿನ ಶಿವಗಂಗವ್ವನೇ ಸ್ಟುಡಿಯೊಗೆ ಬಂದಳು. "ನಿನ್ನ ಬಹುಮಾನ ಹೋತಂತಲ್ಲ ತಂಗಿ, ನನ್ನ ಮಾತಿನಿಂದ. ಬೈಬೇಕಂದ್ರ ಬೈ. ಆದ್ರ ನನ್ನ ಫೋಟೊ ಇದ್ದಂಗ ಕೊಡು."

"ಕಣ್ಣು ಮುಚ್ಚಿದ್ದ ಬೇಕಾ ಯವ್ವಾ?" ಎಂದ ಈರಣ್ಣ, ತಡೆಯಲಾರದೆ.

"ಹೂಂನಪಾ. ಅವರು ಇದ್ದಿದ್ರ ಮಗಳ ಬಾಜೂಕ ಹೆಂಗ ನಿಂದರ್ತಿದ್ರು ಅಂತ ನೋಡಾಕತ್ತಿದ್ದೆ. ಕಣ್ಣು ತೆರದ್ರ ಎಲ್ಲಿ ಕಾಣ್ತಾರ?"

ಈರಣ್ಣ ತಾನೇ ಪ್ರಿಂಟ್ ತೆಗೆದ. ಒಂದು ಕೂದಲನ್ನೂ ಮುಟ್ಟಲಿಲ್ಲ.

ಈಗ ನನಗೆ ಕೆಲಸವಿಲ್ಲ. ಹದಿನಾರು ಜಿ.ಬಿ. ಈಗಿನ ಕ್ಯಾಮೆರಾಗಳಿಗೆ ಒಂದು ತುತ್ತಿಗೂ ಸಾಲದು. ಕಸ್ತೂರಿ ನನ್ನ ಬೀಗದ ಮೇಲೆ ಟೇಪು ಅಂಟಿಸಿ, ಖಾಲಿ ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಎಷ್ಟೋ ಮದುವೆಗಳು ನನ್ನೊಳಗೆ ಬಂದು ತೊಳೆದುಹೋದವು, ಯಾವುದೂ ನೆನಪಿಲ್ಲ. ಉಳಿದದ್ದು ಆ ಒಂದೇ ಮದುವೆ. ಡಬ್ಬಿಯ ಕತ್ತಲಲ್ಲಿ ನಾವಿಬ್ಬರೂ ಇದ್ದೇವೆ, ನಾನು ಮತ್ತು ಶಿವಗಂಗವ್ವ. ಅವಳು ಇನ್ನೂ ಕಣ್ಣು ಮುಚ್ಚಿಕೊಂಡು ನೋಡುತ್ತಲೇ ಇದ್ದಾಳೆ.